ನಡೆಯೋಕೆ ಶುರು ಮಾಡಿದ ಮೇಲೆ ತೂಕ ಇಳಿಯೋದು ಯಾಕೆ ನಿಂತಿತು?

ನಮ್ಮ ಬೇಡಕಿಹಾಳ ಕಡೆ ‘ಕಾಟಾ’ ಅಂದರೆ ಮೊದಲು ನೆನಪಾಗುವುದು ಕಬ್ಬು ತುಂಬಿದ ಟ್ರ್ಯಾಕ್ಟರ್ ಹತ್ತಿ ನಿಲ್ಲುವ ಕಾಟಾ. ಹಂಗಾಮು ಶುರುವಾದರೆ ಸಾಕು, ಕಾಟಾ ಬಗ್ಗೆ ಜಗಳ, ಕಾಟಾ ಬಗ್ಗೆ ಮನವಿ, ಕಾಟಾ ಬಗ್ಗೆ ಸುದ್ದಿ. ಜಿಲ್ಲೆಯ ಈ ಮೂಲೆಯಿಂದ ಪತ್ರಿಕೆಗೆ ಸುದ್ದಿ ಕಳಿಸುವ ನಾವು ಆ ವಿಷಯ ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. ಆದರೆ ಹೋದ ವರ್ಷ, 2025ರ ಸೆಪ್ಟೆಂಬರ್‌ನಲ್ಲಿ, ನಮ್ಮ ಜಗಳ ಇನ್ನೊಂದು ಕಾಟಾ ಜೊತೆ ನಡೆದಿತ್ತು. ನಿಪ್ಪಾಣಿಯಲ್ಲಿ ಕೊಂಡು ತಂದು ಮಂಚದ ಕೆಳಗೆ ಇಟ್ಟಿದ್ದ ಗಾಜಿನ ಕಾಟಾ ಅದು.

(ಇಲ್ಲಿ ‘ನಾವು’ ಅಂದರೆ ಒಬ್ಬರೇ. ಪತ್ರಿಕೋದ್ಯಮ ಡಿಪ್ಲೊಮಾ ಮಾಡುವಾಗ ಸುದ್ದಿಯಲ್ಲಿ ‘ನಾನು’ ಬರಬಾರದು ಅಂತ ಕಲಿಸಿದರು, ಕೈ ಹಾಗೆಯೇ ಕೂತುಬಿಟ್ಟಿದೆ. ಮನೆಯಲ್ಲೂ ಹೀಗೇ ಮಾತಾಡ್ತೀರಾ ಅಂತ ಕೇಳಬೇಡಿ.)

ಕಾಟಾ ಮನೆಗೆ ಬಂದ ಕಾರಣ ಹೇಳಿಬಿಡುತ್ತೇವೆ. ಜೂನ್‌ನಲ್ಲಿ ಒಂದು ಆರೋಗ್ಯ ಶಿಬಿರದ ಸುದ್ದಿ ಮಾಡಲು ಹೋಗಿದ್ದೆವು. ಫೋಟೊ ತೆಗೆದಾಯಿತು, ಭಾಷಣ ಬರೆದುಕೊಂಡಾಯಿತು, ಹೇಗೂ ಬಂದಿದ್ದೀರಲ್ಲ ಅಂತ ನಮ್ಮ ರಕ್ತವನ್ನೂ ತೆಗೆದುಕೊಂಡರು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ. 6.3 ಬಂತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ದಾಟಿದರೆ ಒಳಗೆ. ತೂಕ 88.4 ಕಿಲೋ. ಎತ್ತರ ಐದು ಅಡಿ ಆರು ಇಂಚು.

ನಮ್ಮ ಅಪ್ಪ ಆ ಹೊಸ್ತಿಲು ದಾಟಿದವರು. ಕಬ್ಬಿನ ಕೂಳೆ ಚುಚ್ಚಿ ಎಡಗಾಲಿಗೆ ಗಾಯವಾಗಿತ್ತು, ನೋವೇ ಗೊತ್ತಾಗಲಿಲ್ಲ. ಗೊತ್ತಾಗುವ ಹೊತ್ತಿಗೆ ಎರಡು ಬೆರಳು ತೆಗೆಯಬೇಕಾಯಿತು. ಆಮೇಲೆ ಆ ಕಾಲಿಗೆ ಚಪ್ಪಲಿ ನಿಲ್ಲುತ್ತಿರಲಿಲ್ಲ. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಬಾರು ಮಾಡಿ, ಅದನ್ನು ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದರು. 2019ರಲ್ಲಿ ತೀರಿಕೊಂಡರು. ಶಿಬಿರದಿಂದ ಚೀಟಿ ಹಿಡಿದು ಮನೆಗೆ ಬಂದಾಗ ಅವ್ವ ಅಂಕಿ ಕೇಳಲಿಲ್ಲ. ‘ನಿನಗೂ ಬಂತೇನೋ?’ ಅಂದಳು, ಅಷ್ಟೇ.

ನಮ್ಮ ಗಡಿ ಭಾಗದಲ್ಲಿ ಮರಾಠಿ ಎಲ್ಲರಿಗೂ ಬರುತ್ತದೆ. ಮಹಾರಾಷ್ಟ್ರದ ಡಾ. ಜಗನ್ನಾಥ ದೀಕ್ಷಿತ ಅವರ ಭಾಷಣ ನೋಡದವರು ಇಲ್ಲಿ ಕಡಿಮೆ. ಡಾ. ಶ್ರೀಕಾಂತ ಜಿಚಕಾರರ ವಿಚಾರವನ್ನು ಮುಂದುವರಿಸಿ ಅವರು ಹೇಳುವುದು ಸರಳ: ದಿನಕ್ಕೆ ಎರಡೇ ಸಲ ಊಟ, ಪ್ರತಿ ಊಟ 55 ನಿಮಿಷದೊಳಗೆ ಮುಗಿಸಬೇಕು, ನಡುವೆ ಏನೂ ತಿನ್ನಬಾರದು, ಜೊತೆಗೆ 45 ನಿಮಿಷದಲ್ಲಿ ನಾಲ್ಕೂವರೆ ಕಿಲೋಮೀಟರ್ ನಡೆಯಬೇಕು. ನಾವು ಅರ್ಧ ಮಾತ್ರ ಹಿಡಿದುಕೊಂಡೆವು. ಊಟದ ಮಾತು ಒಪ್ಪಿಗೆಯಾಯಿತು, ನಡಿಗೆಯ ಮಾತು ಕಿವಿಗೆ ಬೀಳಲಿಲ್ಲ. ಬೈಕ್ ಮೇಲೆ ದಿನಕ್ಕೆ 80 ಕಿಲೋಮೀಟರ್ ತಿರುಗುವವರಿಗೆ ಮತ್ತೆ ನಡಿಗೆ ಬೇರೆ ಯಾಕೆ ಅನ್ನುವ ಸಬೂಬು.

ಮುಂಜಾನೆ ಹತ್ತಕ್ಕೆ ಎರಡು ಜೋಳದ ರೊಟ್ಟಿ, ಪಲ್ಯ, ಕಾಳು, ಮೊಸರು. ಸಂಜೆ ಆರೂವರೆಗೆ ಒಂದು ರೊಟ್ಟಿ, ಒಂದಿಷ್ಟು ಅನ್ನ ಸಾರು. ಪಕ್ಕದ ಮನೆಯ ಜೈನರು ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವವರು. ‘ಇದರಾಗ ಹೊಸಾದೇನೈತ್ರಿ?’ ಅಂತ ನಕ್ಕರು. ಕಷ್ಟವಾಗಿದ್ದು ಚಹಾ ಬಿಡುವುದು. ಸುದ್ದಿ ಹುಡುಕುವವರ ಕೆಲಸ ನಡೆಯುವುದೇ ಚಹಾದಂಗಡಿಯಲ್ಲಿ. ದಿನಕ್ಕೆ ಏಳು ಕಪ್, ಕಪ್ಪಿಗೆ ಎರಡು ಚಮಚ ಸಕ್ಕರೆ ಅಂದರೆ ದಿನಕ್ಕೆ ಸುಮಾರು 70 ಗ್ರಾಂ. ತಿಂಗಳಿಗೆ ಎರಡು ಕಿಲೋ ಸಕ್ಕರೆ ಬರೀ ಚಹಾದಲ್ಲಿ ಕುಡಿಯುತ್ತಿದ್ದೆವು. ಲೆಕ್ಕ ಹಾಕಿದ ದಿನ ನಮಗೇ ನಾಚಿಕೆಯಾಯಿತು.

ಮೂರು ತಿಂಗಳಲ್ಲಿ 88.4 ಇದ್ದದ್ದು 81.2ಕ್ಕೆ ಬಂತು. ಮೊದಲ ಹದಿನೈದು ದಿನದಲ್ಲೇ ಮೂರು ಕಿಲೋ ಹೋಗಿತ್ತು. ಸರ್ಕಲ್‌ನಲ್ಲಿ ಸಿಕ್ಕವರೆಲ್ಲ ‘ಯಾಕ್ರಿ, ಸಣ್ಣ ಆಗೀರಿ, ಆರಾಮ ಇಲ್ಲೇನು?’ ಅಂತ ಕೇಳತೊಡಗಿದರು. ನಮ್ಮ ಊರಲ್ಲಿ ದಪ್ಪ ಆದವರನ್ನು ಯಾರೂ ಹಾಗೆ ಕೇಳುವುದಿಲ್ಲ.

ಇಷ್ಟು ಸುಲಭವಾಗಿ ಇಳಿದದ್ದು ನೋಡಿ ಹುರುಪು ಬಂತು. ಊಟ ಒಂದರಿಂದಲೇ ಇಷ್ಟಾದರೆ, ವ್ಯಾಯಾಮವನ್ನೂ ಸೇರಿಸಿದರೆ ಡಬಲ್ ವೇಗ. ಸೆಪ್ಟೆಂಬರ್ ಒಂದರಿಂದ ಬೆಳಗಿನ ಐದೂವರೆಗೆ ಎದ್ದು ಬೋರಗಾಂವ ರಸ್ತೆಯಲ್ಲಿ ನಡಿಗೆ ಶುರು. ವಾರದಲ್ಲಿ ನಾಲ್ಕು ದಿನ ದಂಡ, ಬೈಠಕ್. ಅದನ್ನು ಹೇಳಿಕೊಟ್ಟವರು ನಮ್ಮ ಸೋದರಮಾವ. ಒಂದು ಕಾಲದಲ್ಲಿ ಕೊಲ್ಲಾಪುರದ ತಾಲೀಮಿನಲ್ಲಿ ಮಣ್ಣು ಮೆತ್ತಿಕೊಂಡು ಬಂದವರು, ಈಗ ಅರವತ್ತು ದಾಟಿದರೂ ಬೈಠಕ್ ಹೊಡೆಯುತ್ತಾರೆ. ಮೊದಲ ದಿನ 40 ಬೈಠಕ್ ಹೊಡೆದ ನಾವು ಮರುದಿನ ಪಾಯಖಾನೆಯಲ್ಲಿ ಕೂರಲು ಆಗದೆ ಗೋಡೆ ಹಿಡಿದುಕೊಂಡೆವು.

ಒಂದು ವಾರದ ಮೇಲೆ ಕಾಟಾ ಹತ್ತಿದೆವು. 81.9. ಇಳಿಯಲಿಲ್ಲ, ಏರಿತ್ತು. ಎರಡನೇ ವಾರ 82. ಮೂರನೇ ವಾರ 81.6. ನಾಲ್ಕನೇ ವಾರ 81.7. ಕಾಟಾದ ಸೆಲ್ ಬದಲಿಸಿದೆವು. ಅಡುಗೆಮನೆಯ ಫರಸಿ ಮೇಲೆ ಇಟ್ಟು ನೋಡಿದೆವು, ಹೊರಗೆ ಕಟ್ಟೆಯ ಮೇಲೆ ಇಟ್ಟು ನೋಡಿದೆವು. ಐದು ಕಿಲೋ ಜೋಳದ ಪಾಕೀಟು ಇಟ್ಟು ಪರೀಕ್ಷೆ ಮಾಡಿದೆವು. ಕಾಟಾ ಸರಿಯಾಗೇ ಇತ್ತು. ಇಷ್ಟು ವರ್ಷ ರೈತರು ಕಾಟಾ ಮುಂದೆ ನಿಂತು ಕೂಗಾಡುವುದನ್ನು ಬರೆದುಕೊಂಡವರಿಗೆ ಆಗ ಅವರ ಹೊಟ್ಟೆಯುರಿ ಹೇಗಿರುತ್ತದೆ ಅಂತ ತಿಳಿಯಿತು.

ಆಮೇಲೆ ದಸರಾ ಬಂತು. ಬನ್ನಿ ಕೊಡಲು ಹೋದ ಮನೆಯಲ್ಲೆಲ್ಲ ಹೋಳಿಗೆ. ಹಬ್ಬ ಮುಗಿದ ಮೇಲೆ ಬೆಳಿಗ್ಗೆ ಕಾಟಾ ನೋಡಿ ಸಿಟ್ಟು ಬಂದು, ನಾವು ಮಾಡಬಾರದ್ದು ಮಾಡಿದೆವು. ಸಂಜೆಯ ಊಟ ಬಿಟ್ಟೆವು. ನಡಿಗೆ ಒಂದೂವರೆ ಗಂಟೆ ಮಾಡಿದೆವು. ಎರಡು ಮೂರು ದಿನ ಕಾಟಾ ಸ್ವಲ್ಪ ಕೆಳಗೆ ಬಂತು, ಅದೇ ಸಾಕಾಯಿತು. ಐದನೇ ದಿನ ಚಿಕ್ಕೋಡಿಗೆ ಒಂದು ಪ್ರತಿಭಟನೆಯ ಸುದ್ದಿಗೆ ಹೊರಟಿದ್ದಾಗ ಬೈಕ್ ಮೇಲೆ ಕಣ್ಣು ಕತ್ತಲೆ ಕಟ್ಟಿತು. ಹೇಗೋ ಬದಿಗೆ ಹಾಕಿ ಇಳಿದು ಕಬ್ಬಿನ ಹೊಲದ ಬದುವಿನ ಮೇಲೆ ಕೂತೆವು. ಕೂತದ್ದು ನೆನಪಿದೆ, ಮಲಗಿದ್ದು ನೆನಪಿಲ್ಲ. ಹಾದು ಹೋಗುತ್ತಿದ್ದ ಟ್ರ್ಯಾಕ್ಟರ್ ಡ್ರೈವರ್ ಒಬ್ಬ ಇಳಿದು ಬಂದು ಮುಖಕ್ಕೆ ನೀರು ಹೊಡೆದು, ಡಬ್ಬಿಯಿಂದ ಬೆಲ್ಲ ತೆಗೆದು ಬಾಯಿಗೆ ಹಾಕಿದ. ಹಿಂದೆ ದೊಡ್ಡ ಲಾರಿ ಏನಾದರೂ ಬರುತ್ತಿದ್ದರೆ ಈ ಬರಹ ಬರೆಯುವವರು ಬೇರೆಯವರಾಗುತ್ತಿದ್ದರು.

ಡಾಕ್ಟರ್ ಮೇಡಂ ಬಿ.ಪಿ. ನೋಡಿದರು, 96/60. ನೀರು ಕಡಿಮೆ, ಊಟ ಕಡಿಮೆ, ದಣಿವು ಜಾಸ್ತಿ. ಎಲ್ಲ ಕೇಳಿಸಿಕೊಂಡು ಒಂದು ಪ್ರಶ್ನೆ ಹಾಕಿದರು.

‘ನೀವು ಪೇಪರ್‌ನವ್ರು, ಕಬ್ಬಿನ ಸುದ್ದಿ ಬರೀತೀರಿ. ನೀರು ಬಿಟ್ಟ ಮರುದಿನಾನೇ ಕಬ್ಬು ಕಡದು ಕಾಟಾಕ್ಕ ಹಾಕಿದ್ರ ಏನಾಗ್ತದ?’

‘ತೂಕ ಜಾಸ್ತಿ ಬರ್ತದ್ರಿ.’

‘ಸಕ್ಕರಿ ಜಾಸ್ತಿ ಆತೇನು?’

ಇಲ್ಲ. ಇದು ನಮ್ಮ ಕಡೆ ಚಿಕ್ಕ ಹುಡುಗರಿಗೂ ಗೊತ್ತು. ನೀರುಂಡ ಕಬ್ಬು ಟನ್ ಹೆಚ್ಚು ತೂಗುತ್ತದೆ, ರಿಕವರಿ ಕಡಿಮೆ ಬರುತ್ತದೆ. ಅದಕ್ಕೇ ಕಟಾವಿನ ಮುಂಚೆ ಎರಡು ಮೂರು ವಾರ ನೀರು ನಿಲ್ಲಿಸುತ್ತಾರೆ. ಕಡಿದ ಕಬ್ಬು ನಾಲ್ಕು ದಿನ ಕಾರ್ಖಾನೆಯ ಸಾಲಿನಲ್ಲಿ ಒಣಗಿದರೆ ತೂಕ ಬೀಳುತ್ತದೆ, ಬೀಳುವುದು ಮುಖ್ಯವಾಗಿ ನೀರು. ಸರ್ಕಾರ ದರ ಕಟ್ಟುವಾಗಲೂ ಬರೀ ಟನ್ ನೋಡುವುದಿಲ್ಲ. 2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ ಟನ್ನಿಗೆ 3,550 ರೂಪಾಯಿ, ಅದು 10.25 ರಿಕವರಿ ಇದ್ದರೆ. ಒಂದು ಅಂಕಿ ಟನ್ನಿನದು, ಇನ್ನೊಂದು ಒಳಗಿನ ಸಕ್ಕರೆಯದು. ನಾವು ನಮ್ಮ ಮೈಯ ಟನ್ ಮಾತ್ರ ನೋಡುತ್ತಿದ್ದೆವು.

ಮೇಡಂ ಬಿಡಿಸಿ ಹೇಳಿದ್ದು ಇಷ್ಟು. ಅಭ್ಯಾಸವಿಲ್ಲದ ಮೈಗೆ ಒಮ್ಮೆಲೆ ಬೈಠಕ್ ಹಾಕಿಸಿದರೆ ಸ್ನಾಯುವಿನ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟಾಗುತ್ತದೆ. ರಿಪೇರಿಗೆ ದೇಹ ಅಲ್ಲಿ ನೀರು ತುಂಬಿಕೊಳ್ಳುತ್ತದೆ. ಕಾಲು ಬಿಗಿಯಾಗಿ ಊದಿದ ಹಾಗೆ ಅನಿಸುವುದು ಅದಕ್ಕೇ. ಇನ್ನೊಂದು, ದುಡಿಯುವ ಸ್ನಾಯು ತನ್ನೊಳಗೆ ಗ್ಲೈಕೋಜನ್ ಅನ್ನುವ ರೂಪದಲ್ಲಿ ಸಕ್ಕರೆಯ ದಾಸ್ತಾನು ಹೆಚ್ಚು ಮಾಡಿಕೊಳ್ಳುತ್ತದೆ. ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಊಟ ಕಡಿಮೆ ಮಾಡಿದ ಮೊದಲ ಹದಿನೈದು ದಿನದಲ್ಲಿ ನಮ್ಮ ಮೂರು ಕಿಲೋ ಸರ್ರನೆ ಇಳಿದಿತ್ತಲ್ಲ, ಅದರಲ್ಲಿ ಬಹಳಷ್ಟು ಈ ದಾಸ್ತಾನು ಮತ್ತು ಅದರ ನೀರು. ಆಗ ಖಾಲಿಯಾದ ಗೋದಾಮು ಈಗ ಸ್ವಲ್ಪ ತುಂಬಿತು. ಕಾಟಾಕ್ಕೆ ಕೊಬ್ಬು ಯಾವುದು, ನೀರು ಯಾವುದು ಗೊತ್ತಾಗುವುದಿಲ್ಲ.

ಮನೆಗೆ ಬಂದು ಪೆನ್ನು ಹಿಡಿದು ಲೆಕ್ಕ ಹಾಕಿದೆವು. ಒಂದು ಕಿಲೋ ಮೈಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲರಿ ಖರ್ಚಾಗಬೇಕು. ನಮ್ಮ ತೂಕದವರು ನಾಲ್ಕೂವರೆ ಕಿಲೋಮೀಟರ್ ನಡೆದರೆ ಹೆಚ್ಚುವರಿಯಾಗಿ ಖರ್ಚಾಗುವುದು 200, ಹೆಚ್ಚೆಂದರೆ 250. ಅಂದರೆ ನಡಿಗೆಯೊಂದರಿಂದಲೇ ಒಂದು ಕಿಲೋ ಹೋಗಲು ಒಂದು ತಿಂಗಳಿಗಿಂತ ಹೆಚ್ಚು ಬೇಕು. ಆ ತಿಂಗಳಲ್ಲಿ ಸ್ನಾಯುವಿಗೆ ಒಂದು ಕಿಲೋ ನೀರು ಬಂದು ಕೂತರೆ ಕಾಟಾ ಮೇಲೆ ಏನೂ ಕಾಣುವುದಿಲ್ಲ. ಒಳಗೆ ಕೆಲಸ ನಡೆದಿರುತ್ತದೆ, ಹೊರಗೆ ಮುಳ್ಳು ಅಲ್ಲಾಡುವುದಿಲ್ಲ. ಇಷ್ಟು ಸಣ್ಣ ಲೆಕ್ಕವನ್ನು ಮೊದಲೇ ಹಾಕಿದ್ದರೆ ಬದುವಿನ ಮೇಲೆ ಮಲಗುವ ಪ್ರಸಂಗ ಬರುತ್ತಿರಲಿಲ್ಲ.

ಹೆಂಡತಿಗೆ ಇದೆಲ್ಲ ಹೇಳಿದಾಗ ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ‘ನಮಗ ತಿಂಗಳಾ ಗೊತ್ತಾಗ್ತದರಿ. ಮುಟ್ಟಿನ ಮುಂಚೆ ಒಂದು ವಾರ ಕೈಯಾನ ಬಳಿ ಬಿಗಿ ಆಗ್ತಾವು. ಆಮ್ಯಾಗ ಸಡ್ಲ ಆಗ್ತಾವು. ನಾ ಏನ್ ಒಂದು ವಾರದಾಗ ದಪ್ಪ ಆಗಿ ಒಂದು ವಾರದಾಗ ಸಣ್ಣ ಆಗ್ತೀನೇನು?’ ಅಂದಳು. ತೂಕ ಇಳಿಸಲು ಹೊರಟ ಹೆಣ್ಣುಮಕ್ಕಳು ಇದನ್ನು ಗಮನದಲ್ಲಿಡಿ. ಈ ವಾರದ ತೂಕವನ್ನು ಹೋದ ವಾರದ ಜೊತೆ ಅಲ್ಲ, ಹೋದ ತಿಂಗಳು ಇದೇ ವಾರದ ಜೊತೆ ಹೋಲಿಸಿದರೆ ಸರಿ ಲೆಕ್ಕ ಸಿಗುತ್ತದೆ.

ಮಾವನಿಗಂತೂ ನಗು. ಪೈಲ್ವಾನರಿಗೆ ಕಾಟಾದ ಆಟ ಹಳೆಯದು. ಕುಸ್ತಿಯ ಮುಂಚೆ ಒಂದು ರಾತ್ರಿಯಲ್ಲಿ ಬೆವರಿಳಿಸಿ ಎರಡು ಕಿಲೋ ಇಳಿಸುತ್ತಾರೆ, ತೂಕ ಮುಗಿದ ಮೇಲೆ ನೀರು ಕುಡಿದು ಎರಡು ಕಿಲೋ ಏರಿಸುತ್ತಾರೆ. ‘ವಿನೇಶ್ ನೆನಪೈತೇನು?’ ಅಂದರು. ಯಾರಿಗೆ ಮರೆತಿದೆ? 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಕಿಲೋ ವಿಭಾಗದ ಫೈನಲ್ ತಲುಪಿದ ವಿನೇಶ್ ಫೋಗಟ್, ಫೈನಲ್ ದಿನ ಬೆಳಿಗ್ಗೆ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದರು. ಹಿಂದಿನ ದಿನ ಬೆಳಿಗ್ಗೆ ಅವರ ತೂಕ ಸರಿಯಾಗೇ ಇತ್ತು. ಮೂರು ಕುಸ್ತಿ ಆಡಿ, ನಡುವೆ ತಿಂದು ಕುಡಿದು, ಸಂಜೆಗೆ ಎರಡು ಕಿಲೋಗಿಂತ ಹೆಚ್ಚು ಏರಿತ್ತು. ರಾತ್ರಿಯಿಡೀ ಬೆವರಿಳಿಸಿದರು, ಕೂದಲನ್ನೂ ಕತ್ತರಿಸಿದರು, ಆದರೂ 100 ಗ್ರಾಂ ಉಳಿಯಿತು. ಜಗತ್ತಿನ ದೊಡ್ಡ ಪೈಲ್ವಾನಳ ಮೈಯೇ ಒಂದು ದಿನದಲ್ಲಿ ಅಷ್ಟು ಏರಿಳಿಯುತ್ತದೆ ಅಂದಮೇಲೆ, ನಾವು ದಿನಾ ಬೆಳಿಗ್ಗೆ 200 ಗ್ರಾಂಗೆ ತಲೆ ಕೆಡಿಸಿಕೊಂಡಿದ್ದಕ್ಕೆ ಏನು ಹೇಳುವುದು.

ಆದರೆ ತಪ್ಪೆಲ್ಲ ನೀರಿನ ಮೇಲೆ ಹಾಕಿ ಪಾರಾಗುವ ಹಾಗೂ ಇರಲಿಲ್ಲ. ಅದನ್ನು ತೋರಿಸಿಕೊಟ್ಟವಳೂ ಹೆಂಡತಿಯೇ. ‘ನಡದು ಬಂದ ದಿನ ನೀವು ಕುಂತಲ್ಲಿಂದ ಏಳಂಗಿಲ್ಲ. ಪಂಚಾಯ್ತಿಗೆ ಮೊದ್ಲ ನಡಕೊಂಡ ಹೋಗ್ತಿದ್ರಿ, ಈಗ ಬೈಕ್ ತಗೀತೀರಿ. ಮ್ಯಾಲ ಶೇಂಗಾ.’ ಶೇಂಗಾ ಮಾತು ನಿಜ. ನಡಿಗೆ ಮುಗಿಸಿ ಬಂದಾಗ ಹೊಟ್ಟೆ ಕರೆಯುತ್ತಿತ್ತು, ಡಬ್ಬಿಯಿಂದ ಒಂದು ಹಿಡಿ ಹುರಿದ ಶೇಂಗಾ ಬಾಯಿಗೆ ಹೋಗುತ್ತಿತ್ತು. ಅದನ್ನು ಊಟ ಅಂತ ನಾವು ಎಣಿಸಿಯೇ ಇರಲಿಲ್ಲ. ಒಂದು ಹಿಡಿ ಅಂದರೆ 30 ಗ್ರಾಂ, 170 ಕ್ಯಾಲರಿ. ನಡೆದು ಗಳಿಸಿದ್ದನ್ನು ಬಾಗಿಲಲ್ಲೇ ಮರಳಿ ಕೊಟ್ಟು ಒಳಗೆ ಬರುತ್ತಿದ್ದೆವು. ಸಂಜೆ ಒಂದು ರೊಟ್ಟಿಯ ಜಾಗದಲ್ಲಿ ಎರಡು ಆದದ್ದೂ ಅದೇ ತಿಂಗಳು. ‘ಇವತ್ತು ಬೈಠಕ್ ಹೊಡೆದೇವಲ್ಲ’ ಅನ್ನುವ ಸಮಾಧಾನ.

ದೇಹವೂ ಸ್ವಲ್ಪ ಉಳಿತಾಯ ಮಾಡುತ್ತದೆ. ಅಮೆರಿಕದ ಹರ್ಮನ್ ಪಾಂಟ್ಜರ್ ಅನ್ನುವ ವಿಜ್ಞಾನಿ ಮತ್ತು ಸಂಗಡಿಗರು ತಾಂಜಾನಿಯಾದ ಹಾಡ್ಜಾ ಜನರ ಮೇಲೆ ಮಾಡಿದ ಅಧ್ಯಯನ 2012ರಲ್ಲಿ ಬಂತು. ಹಾಡ್ಜಾ ಜನ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು, ದಿನಾ ಮೈಲಿಗಟ್ಟಲೆ ನಡೆಯುತ್ತಾರೆ. ಆದರೂ ಮೈಗಾತ್ರ ಲೆಕ್ಕಕ್ಕೆ ತೆಗೆದುಕೊಂಡು ನೋಡಿದರೆ, ಅವರ ಇಡೀ ದಿನದ ಶಕ್ತಿಯ ಖರ್ಚು ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಅಮೆರಿಕದವರ ಖರ್ಚಿನಷ್ಟೇ ಇತ್ತು. ಒಂದು ಕಡೆ ಹೆಚ್ಚು ಖರ್ಚಾದರೆ ದೇಹ ಇನ್ನೊಂದು ಕಡೆ ಬಿಗಿ ಹಿಡಿಯುತ್ತದೆ ಅನ್ನುವುದು ಅವರ ವಾದ. ಎಷ್ಟು ಬಿಗಿ ಹಿಡಿಯುತ್ತದೆ ಅನ್ನುವುದರ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ನಮ್ಮ ಮನೆಯ ಮಟ್ಟಿಗೆ ಹೇಳುವುದಾದರೆ, ಶೇಂಗಾ ಡಬ್ಬಿಯ ಪಾಲೇ ದೊಡ್ಡದಿತ್ತು.

ಹಾಗಾದರೆ ನಡಿಗೆ ಬಿಟ್ಟು ಬರೀ ಊಟ ಕಡಿಮೆ ಮಾಡಿದರೆ ಆಗದೇ? ಈ ಪ್ರಶ್ನೆಯನ್ನು ನಾವೇ ಮೇಡಂಗೆ ಕೇಳಿದೆವು. ಬೆಳಗಿನ ಚಳಿಯಲ್ಲಿ ಏಳುವುದು ತಪ್ಪುತ್ತದೆ ಅನ್ನುವ ಆಸೆಯೂ ಇತ್ತು.

ಅವರು ಹೇಳಿದ್ದರಲ್ಲಿ ಎರಡು ವಿಷಯ ನಿಮಗೂ ಗೊತ್ತಿರಬೇಕು. ಒಂದು ನಮ್ಮ ಪಕ್ಕದ ಪುಣೆಯದು. ಅಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಹಾಕಿದರು. ಇಬ್ಬರ ಬಿಎಂಐ ಒಂದೇ, 22.3. ಅಂದರೆ ಎತ್ತರಕ್ಕೆ ತಕ್ಕ ತೂಕದಲ್ಲಿ ಇಬ್ಬರೂ ಸಮ. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡಾ, ಯಾಜ್ಞಿಕರ ಮೈಯಲ್ಲಿ 21.2. ನಮ್ಮ ದೇಶದವರು ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಅದಕ್ಕೇ ನಮಗೆ ಬೊಜ್ಜಿನ ಗೆರೆಯೂ ಕೆಳಗಿದೆ: ಬಿಎಂಐ 25 ದಾಟಿದರೆ ಬೊಜ್ಜು, ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರ ಸೊಂಟ 80 ದಾಟಿದರೆ ಎಚ್ಚರಿಕೆ. ಬರೀ ಉಪವಾಸದಿಂದ ತೂಕ ಇಳಿಸಿದರೆ ಕೊಬ್ಬಿನ ಜೊತೆ ಇರುವ ಸ್ವಲ್ಪ ಸ್ನಾಯುವೂ ಕರಗುತ್ತದೆ. ಕಾಟಾ ಖುಷಿಪಡಿಸುತ್ತದೆ, ಸಕ್ಕರೆ ಹೀರಿಕೊಳ್ಳುವ ಸ್ನಾಯು ಮಾತ್ರ ಕಡಿಮೆಯಾಗಿರುತ್ತದೆ.

ಇನ್ನೊಂದು ಚೆನ್ನೈನದು. ನಮ್ಮ ಹಾಗೆ ಹೊಸ್ತಿಲ ಮೇಲೆ ನಿಂತಿದ್ದ 531 ಜನರನ್ನು ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮೂರು ವರ್ಷ ಗಮನಿಸಿದರು. 2006ರಲ್ಲಿ ಫಲಿತಾಂಶ ಬಂತು. ಹೋಲಿಕೆಗೆ ಇಟ್ಟ ಗುಂಪಿನಲ್ಲಿ 55 ಶೇಕಡಾ ಜನರಿಗೆ ಸಕ್ಕರೆ ಕಾಯಿಲೆ ಬಂತು. ಊಟ ತಿದ್ದಿಕೊಂಡು ನಡಿಗೆ ಹಿಡಿದ ಗುಂಪಿನಲ್ಲಿ 39.3 ಶೇಕಡಾ. ಸುಮಾರು ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆ. ವಿಶೇಷ ಅಂದರೆ ಆ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಅವರ ಕಾಟಾ ಮೂರು ವರ್ಷ ಹೆಚ್ಚುಕಡಿಮೆ ನಿಂತೇ ಇತ್ತು, ಕಾಯಿಲೆ ಮಾತ್ರ ಕಡಿಮೆಯಾಗಿತ್ತು. ದುಡಿಯುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ, ಅದಕ್ಕೆ ಹೊಟ್ಟೆ ಕರಗುವವರೆಗೂ ಕಾಯಬೇಕಿಲ್ಲ.

ಇದನ್ನು ಕೇಳಿ ಬಂದ ದಿನ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಭಯ ಹೊಟ್ಟೆಯದಲ್ಲ, ಅಪ್ಪನ ಕಾಲಿನದು. ಆ ಭಯಕ್ಕೆ ಉತ್ತರ ಕೊಡುತ್ತಿದ್ದ ನಡಿಗೆಯನ್ನೇ ಕಾಟಾ ಇಳಿಯಲಿಲ್ಲ ಅಂತ ಬೈಯುತ್ತಿದ್ದೆವು.

ಮರುದಿನ ಹೆಂಡತಿ ಟೇಪು ತಂದಳು. ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಅಳತೆಗೆ ಒಂದು ವಹಿ ಇದೆ, ತಾರೀಖು ಹಾಕಿ ಬರೆಯುತ್ತಾಳೆ. ಗಣಪತಿ ಹಬ್ಬಕ್ಕೆ ನಮಗೊಂದು ಪ್ಯಾಂಟು ಹೊಲಿಯಲು ಆಗಸ್ಟ್ ಕೊನೆಗೆ ಸೊಂಟ ಅಳೆದಿದ್ದಳು, ವಹಿಯಲ್ಲಿ 38½ ಇಂಚು ಅಂತಿತ್ತು. ಅಕ್ಟೋಬರ್ ನಡುವೆ ಮತ್ತೆ ಅಳೆದರೆ 37½. ಕಾಟಾ ನಿಂತ ಆರು ವಾರದಲ್ಲಿ ಸೊಂಟ ಒಂದು ಇಂಚು ಒಳಗೆ ಹೋಗಿತ್ತು. ನಾವು ನಂಬದೆ ಟೇಪು ಕಸಿದುಕೊಂಡು ನಾವೇ ಅಳೆದೆವು. ‘ಕಾಟಾ ಆತು, ಈಗ ಟೇಪಿನ ಜೋಡಿ ಜಗಳ ತಗೀರಿ’ ಅಂದಳು.

ಅಲ್ಲಿಂದ ಪದ್ಧತಿ ಬದಲಿಸಿದೆವು. ಸಂಜೆಯ ಊಟ ಮರಳಿ ಶುರು, ಅದರಲ್ಲಿ ಬೇಳೆ ಅಥವಾ ತತ್ತಿ ಇರಲೇಬೇಕು. ಶೇಂಗಾ ಬೇಕಾದರೆ ಊಟದ ಜೊತೆ ಚಟ್ನಿಯಾಗಿ, ನಡಿಗೆಯ ಬಹುಮಾನವಾಗಿ ಅಲ್ಲ. ನಡಿಗೆ 45 ನಿಮಿಷ, ಬೈಠಕ್ ವಾರಕ್ಕೆ ಮೂರು ದಿನ. ಕಾಟಾ ವಾರಕ್ಕೊಮ್ಮೆ, ರವಿವಾರ ಬೆಳಿಗ್ಗೆ, ಪಾಯಖಾನೆಗೆ ಹೋಗಿ ಬಂದ ಮೇಲೆ, ಏನೂ ತಿನ್ನುವ ಮುಂಚೆ. ಹೊಕ್ಕಳ ಮಟ್ಟದಲ್ಲಿ ಸೊಂಟದ ಅಳತೆ ಹದಿನೈದು ದಿನಕ್ಕೊಮ್ಮೆ. ಆರು ವಾರ ಕಾದ ಮೇಲೂ ತೂಕವೂ ಸೊಂಟವೂ ಎರಡೂ ಅಲ್ಲಾಡದಿದ್ದರೆ ಮಾತ್ರ ತಟ್ಟೆ ನೋಡಿಕೊಳ್ಳಿ ಅಂತ ಮೇಡಂ ಹೇಳಿದ್ದಾರೆ.

ಒಂದು ಮಾತು ಇಲ್ಲೇ ಹೇಳಬೇಕು, ಇದನ್ನು ಓದಿ ಯಾರಾದರೂ ನಾಳೆಯಿಂದಲೇ ಶುರು ಮಾಡಬಹುದು. ಈಗಾಗಲೇ ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಬೇಡಿ. ಔಷಧಿ ಅದೇ ಇದ್ದು ಊಟ ಕಡಿಮೆಯಾದರೆ ಸಕ್ಕರೆ ಒಮ್ಮೆಲೆ ಕೆಳಗೆ ಬೀಳುತ್ತದೆ. ನಮಗೆ ಔಷಧಿ ಇರಲಿಲ್ಲ, ಆದರೂ ಬದುವಿನ ಮೇಲೆ ಬಿದ್ದೆವು. ಔಷಧಿ ಇದ್ದವರು ಹಾಗೆ ಬಿದ್ದರೆ ಏಳುವುದು ಕಷ್ಟ.

ನವೆಂಬರ್ ಮೊದಲ ವಾರ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬಿನ ದರದ ಹೋರಾಟ. ಟನ್ನಿಗೆ 3,500 ಕೇಳಿ ರೈತರು ರಸ್ತೆಯಲ್ಲೇ ಕೂತಿದ್ದರು, ಕೊನೆಗೆ 3,300ಕ್ಕೆ ಮುಗಿಯಿತು. ನಾವೂ ಮೂರು ದಿನ ಅಲ್ಲೇ. ಊಟ ಅಲ್ಲಿನ ದೊಡ್ಡ ಪಾತ್ರೆಯದು: ಅನ್ನ, ಸಾರು, ಉಪ್ಪಿನಕಾಯಿ, ಕೇಳಿದಷ್ಟು. ಮನೆಗೆ ಬಂದು ರವಿವಾರ ಕಾಟಾ ಹತ್ತಿದರೆ ಒಂದೂವರೆ ಕಿಲೋ ಜಾಸ್ತಿ. ಹಿಂದಿನ ನಾವಾಗಿದ್ದರೆ ಅಂದೇ ಉಪವಾಸ. ಈ ಸಲ ಉಪ್ಪು ಮತ್ತು ಅನ್ನ ಹಿಡಿದಿಟ್ಟ ನೀರು ಅಂದುಕೊಂಡು ಎಂದಿನಂತೆ ಎರಡು ರೊಟ್ಟಿ ಉಂಡೆವು. ಮುಂದಿನ ರವಿವಾರ ಆ ಒಂದೂವರೆ ಕಿಲೋ ಇರಲಿಲ್ಲ, ಅದರ ಕೆಳಗೆ ಇನ್ನೂ ಅರ್ಧ ಕಿಲೋ ಹೋಗಿತ್ತು.

ಡಿಸೆಂಬರ್‌ನಲ್ಲಿ ಮತ್ತೆ ರಕ್ತ ಕೊಟ್ಟೆವು. ಎಚ್‌ಬಿಎ1ಸಿ 5.8. ತೂಕ 79.6. ಹೊಸ್ತಿಲಿನಿಂದ ಪೂರ್ತಿ ಹೊರಗೆ ಬಂದಿಲ್ಲ, ಒಂದು ಕಾಲು ಅಂಗಳದಲ್ಲಿದೆ. ಚೀಟಿ ತಂದು ಅವ್ವನಿಗೆ ಓದಿ ಹೇಳಿದೆವು. ‘ಅಂಕಿ ನಂಗ ತಿಳಿಯಂಗಿಲ್ಲ. ಕಾಲ ತೋರ್ಸು’ ಅಂದಳು. ತೋರಿಸಿದೆವು. ಎರಡೂ ಪಾದ ತಿರುಗಿಸಿ, ಬೆರಳ ಸಂದಿಯನ್ನೆಲ್ಲ ನೋಡಿದಳು. ಅಪ್ಪ ಇದ್ದಾಗ ದಿನಾ ರಾತ್ರಿ ಅವಳು ಮಾಡುತ್ತಿದ್ದ ಕೆಲಸ ಅದು. ಬೆರಳು ಹೋದ ಮೇಲೆ ಶುರು ಮಾಡಿದ್ದಳು.

ಈಗ ಜನವರಿ. ಕಾಟಾ ಮತ್ತೆ ನಿಂತಿದೆ, ಮೂರು ವಾರದಿಂದ 79.4. ಬಿಎಂಐ ಲೆಕ್ಕದಲ್ಲಿ ನಾವು ಇನ್ನೂ 28ರ ಮೇಲಿದ್ದೇವೆ. 88 ಕಿಲೋದ ಮೈ ಹೊತ್ತು ತಿರುಗಲು ಬೇಕಾಗುತ್ತಿದ್ದ ಊಟ 79ಕ್ಕೆ ಬೇಕಿಲ್ಲ, ಹಾಗಾಗಿ ಇನ್ನು ಇಳಿಯುವುದು ನಿಧಾನ ಅಂತ ಮೇಡಂ ಮೊದಲೇ ಹೇಳಿದ್ದರು. ಸೊಂಟ 37 ಇಂಚು. 90 ಸೆಂಟಿಮೀಟರ್ ಮುಟ್ಟಲು ಇನ್ನೂ ಒಂದೂವರೆ ಇಂಚು ಬಾಕಿ.

ಹೋದ ವಾರ ಹಳೇ ಪ್ಯಾಂಟುಗಳನ್ನೆಲ್ಲ ಹೆಂಡತಿ ಬಿಗಿ ಮಾಡಿಕೊಟ್ಟಳು. ಒಳಗೆ ಬಟ್ಟೆ ದಪ್ಪಗೆ ಮಡಚಿಕೊಂಡು ಚುಚ್ಚುತ್ತಿತ್ತು. ಹೆಚ್ಚಿನದನ್ನು ಕತ್ತರಿಸಿ ತೆಗೆಯಬಾರದಿತ್ತೇ ಅಂತ ಕೇಳಿದೆವು.

‘ಇರ್ಲಿ ಬಿಡ್ರಿ’ ಅಂದಳು ಮಶೀನ್ ತುಳಿಯುತ್ತಲೇ. ‘ಒಳಗ ಬಿಟ್ಟೀನಿ. ಯುಗಾದಿ ಮಟ ನೋಡೂನು, ಆಮ್ಯಾಗ ಕತ್ತರಿ ಹಾಕ್ತೀನಿ.’